ಹುರುಳಿ ಹೊಲದ ಹೆಬ್ಬಾತುಗಳು

ಹುಣಸೂರಿನ ಕಾಲೇಜೊಂದರಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಹಕ್ಕಿಗಳ ಕಡೆ ಹೊರಳಿದ್ದು ಜ್ಞಾನದಾಹದಿಂದಲ್ಲ, ಸಕ್ಕರೆ ಕಾಯಿಲೆಯಿಂದ. ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದರು. ಪೇಟೆಯ ರಸ್ತೆಯಲ್ಲಿ ನಡೆದರೆ ತಿರುವಿಗೊಬ್ಬ ಹಳೆಯ ವಿದ್ಯಾರ್ಥಿ ಸಿಕ್ಕಿ ಬಲವಂತವಾಗಿ ಟೀ ಕುಡಿಸುತ್ತಿದ್ದ, ಅದೂ ಸಕ್ಕರೆ ಜಾಸ್ತಿ ಹಾಕಿಸಿ. ಹಾಗಾಗಿ ಕೆರೆ ಏರಿ ಹಿಡಿದೆ. ಏರಿಯ ಮೇಲೆ ಸುಮ್ಮನೆ ಅಡ್ಡಾಡುವ ಗಂಡಸನ್ನು ಜನ ಅನುಮಾನದಿಂದ ನೋಡುತ್ತಾರೆ. ಕೊರಳಲ್ಲಿ ದುರ್ಬೀನು ಇದ್ದರೆ ಸರ್ವೆಗೆ ಬಂದವನೆಂದುಕೊಂಡು ನಮಸ್ಕಾರ ಮಾಡುತ್ತಾರೆ. ದುರ್ಬೀನು ಕೊಂಡೆ. ಕೊಂಡ ಮೇಲೆ ಅದರೊಳಗೆ ಒಮ್ಮೆಯಾದರೂ ನೋಡಬೇಕಾಯಿತು. ನೋಡಿದ್ದೇ ತಪ್ಪಾಯಿತು, ಚಟ ಹತ್ತಿತು.

ಹಕ್ಕಿ ನೋಡುವವರು ಸಾಮಾನ್ಯವಾಗಿ ಫೋಟೋ ತೆಗೆಯುತ್ತಾರೆ. ನನಗೆ ಇತಿಹಾಸದ ಬುದ್ಧಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಗೆ ಚಳಿಗಾಲದಲ್ಲಿ ದೂರದಿಂದ ಬರುವ ಹಕ್ಕಿಗಳನ್ನು ಹಿಂದೆ ಯಾರು ಯಾರು ಗಮನಿಸಿದ್ದರು ಎಂದು ಒಂದು ದೊಡ್ಡ ಲೇಖನ ಬರೆಯುತ್ತೇನೆಂದು ಹೊರಟೆ. ಸರಗೂರು ಈಗ ಕೋಟೆಯಿಂದ ಬೇರೆಯಾಗಿ ತಾನೇ ತಾಲ್ಲೂಕಾಗಿದೆ ಎಂದು ಅಲ್ಲಿಯವರು ನೆನಪಿಸಿದರು. ಹಕ್ಕಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿರಲಿಲ್ಲ.

ವಲಸೆಯನ್ನು ಮನುಷ್ಯ ಅರ್ಥ ಮಾಡಿಕೊಂಡ ಕಥೆಯೇ ಒಂದು ತಮಾಷೆ. ಚಳಿಗಾಲದಲ್ಲಿ ಕಾಣೆಯಾಗುವ ಕವಲುತೋಕೆ ಹಕ್ಕಿಗಳು ಕೆರೆಯ ಕೆಸರೊಳಗೆ ಹೂತುಕೊಂಡು ನಿದ್ದೆ ಮಾಡುತ್ತವೆ ಎಂದು ಯುರೋಪಿನ ಪಂಡಿತರು ಬಹಳ ಕಾಲ ನಂಬಿದ್ದರಂತೆ. ಆಮೇಲೊಮ್ಮೆ ಕೊರಳಿಗೆ ಆಫ್ರಿಕಾದ ಬಾಣ ಚುಚ್ಚಿಸಿಕೊಂಡ ಕೊಕ್ಕರೆಯೊಂದು ಅವರ ಊರಿಗೇ ಹಾರಿ ಬಂದಿತು. ಹಕ್ಕಿಗಳು ಅಷ್ಟು ದೂರ ಹೋಗಿ ಬರುತ್ತವೆ ಎಂಬುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿತೆಂದು ಸಂತೋಷಪಟ್ಟು ಆ ಕೊಕ್ಕರೆಯನ್ನು ಹೊಡೆದು ಕೆಡವಿದರು. ಅನಂತರ ಕಾಲಿಗೆ ಉಂಗುರ ತೊಡಿಸಿದರು. ಉಂಗುರ ದೂರಕ್ಕೆ ಕಾಣದೆಂದು ಕೊರಳಿಗೆ ಅಕ್ಷರ ಬರೆದ ಪಟ್ಟಿ ಹಾಕಿದರು. ಈಗ ಬೆನ್ನಿಗೆ ಯಂತ್ರ ಕಟ್ಟುತ್ತಾರೆ. ನಮ್ಮ ಜ್ಞಾನ ಬೆಳೆದಷ್ಟೂ ಹಕ್ಕಿಯ ಹೊರೆ ಹೆಚ್ಚಿದೆ.

ನಮ್ಮ ಸೀಮೆಯ ದಾಖಲೆ ಹುಡುಕಿದರೆ ಸಿಕ್ಕಿದ್ದೆಲ್ಲ ಬೇಟೆಗಾರರದೇ. ಇಂಥ ಕೆರೆಗೆ ಇಂಥ ಬಾತು ಬರುತ್ತಿತ್ತು ಎಂದು ನಮಗೆ ತಿಳಿದಿರುವುದು ಅದನ್ನು ಅಲ್ಲಿ ಯಾರೋ ಹೊಡೆದದ್ದರಿಂದ. ಕೋವಿ ಹಿಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದ ಮುದುಕರೊಬ್ಬರು ಸರಗೂರಿನಲ್ಲಿದ್ದಾರೆಂದು ಕೇಳಿ ಬಸ್ಸು ಹತ್ತಿ ಹೋದೆ. ಜಗಲಿಯ ಮೇಲೆ ಕೂತಿದ್ದರು. ಹಕ್ಕಿಗಳ ಚಿತ್ರವಿದ್ದ ಪುಸ್ತಕ ಬಿಡಿಸಿ ತೋರಿಸಿದೆ.

ಒಂದು ಬಾತಿನ ಮೇಲೆ ಬೆರಳಿಟ್ಟು, "ಇದಾ? ಕೆಸರು ವಾಸ್ನೆ ಸಾ. ಮೆಣಸು ಜಾಸ್ತಿ ಆಕ್ಬೇಕು" ಎಂದರು.

"ಯಾವ ತಿಂಗಳಲ್ಲಿ ಬರ್ತಿತ್ತು ಅಂತ ನೆನಪಿದೆಯೇ?"

"ತಿಂಗ್ಳು ಯಾರು ನೋಡ್ದೋರು? ಅವರೆಕಾಯಿ ಜೊತೆ ಬೇಯ್ಸಿದ್ದು ಗ್ಯಾಪ್ಕ ಅದೆ."

ಹೀಗೆ ಅವರು ಇಡೀ ಪುಸ್ತಕವನ್ನು ರುಚಿಯ ಪ್ರಕಾರ ವಿಂಗಡಿಸಿಕೊಟ್ಟರು. ಕೊನೆಗೆ ಪಟ್ಟೆತಲೆ ಹೆಬ್ಬಾತಿನ ಚಿತ್ರ ಬಂದಾಗ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಬಿಳಿಯ ತಲೆ, ಅದರ ಹಿಂದೆ ಎರಡು ಕಪ್ಪು ಪಟ್ಟೆ, ಬೂದು ಮೈ. ಹಿಮಾಲಯವನ್ನೇ ದಾಟಿ ಬರುವ ಹಕ್ಕಿ. "ಇದು ಮಾತ್ರ ಒಂದ್ ದಪಾನೂ ಸಿಗ್ಲಿಲ್ಲ. ಬಲೇ ಉಸಾರು. ಒಂದು ಮೇಯ್ತಿದ್ರೆ ಇನ್ನೊಂದು ಕತ್ತು ಎತ್ಕಂಡು ಕಾಯ್ತಿತ್ತು" ಎಂದರು. ಅವರ ದನಿಯಲ್ಲಿ ಇನ್ನೂ ಬೇಸರವಿತ್ತು.

ಆ ಚಳಿಗಾಲದಲ್ಲಿ ಹಾರನಹಳ್ಳಿಯಲ್ಲಿ ರೈತರ ಸಭೆಯೊಂದಿತ್ತು. ಮಾತಾಡಬೇಕಿದ್ದ ಅಧಿಕಾರಿ ಬರಲಿಲ್ಲವಾಗಿ ಪರಿಚಯದವರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಹೆಬ್ಬಾತುಗಳ ಬಗ್ಗೆ ಮಾತಾಡಿದೆ. ಮಂಗೋಲಿಯಾದಿಂದ ಬರುವ ಅತಿಥಿಗಳು, ಎರಡು ಕಾಳು ತಿಂದರೆ ನಾವು ಬಡವರಾಗುವುದಿಲ್ಲ, ಓಡಿಸಬೇಡಿ ಎಂದು ಭಾವುಕನಾಗಿಯೇ ಹೇಳಿದೆ. ಹಿಂದಿನ ಸಾಲಿನಲ್ಲಿ ಹಸಿರು ಟವೆಲ್ ಹೊದ್ದವರೊಬ್ಬರು ಎದ್ದು, "ಅವ್ರೂರಲ್ಲಿ ಅವುಕೆ ತಿನ್ನಾಕೆ ಏನೂ ಇಲ್ವಾ ಸಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಹೊಲವೇನೂ ಕೆರೆ ಪಕ್ಕದಲ್ಲಿರಲಿಲ್ಲ.

ನನ್ನ ಅತ್ತೆಯ ಹೊಲ ಇತ್ತು. ಹಾರನಹಳ್ಳಿಗೆ ಹತ್ತಿರದ ಊರು. ಮಾವ ತೀರಿಕೊಂಡ ಮೇಲೆ ಬೇಸಾಯವೆಲ್ಲ ಅತ್ತೆಯದೇ. ಹೊಗೆಸೊಪ್ಪು ಮುರಿದಾದ ಮೇಲೆ ಕೆರೆ ಕಡೆಯ ಹೊಲಕ್ಕೆ ಹುರುಳಿ ಚೆಲ್ಲಿದ್ದರು. ಸಭೆಯಾಗಿ ಸ್ವಲ್ಪ ದಿನಕ್ಕೆ ನನ್ನ ಹೆಂಡತಿಗೆ ಫೋನು ಬಂತು. ಅತ್ತೆ ಹಳೆಯ ಕಾಲದವರು, ಅಳಿಯನೊಂದಿಗೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ಕೂತಿದ್ದರೂ ಮಗಳಿಗೆ ಹೇಳಿ ನನಗೆ ಮುಟ್ಟಿಸುತ್ತಿದ್ದರು. ಫೋನಿನಲ್ಲಿ ಅವರ ದನಿ ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ನಿನ್ ಗಂಡಂಗೆ ಯೋಳು, ಅವರ ನೆಂಟ್ರು ಬಂದವ್ರೆ. ಅರ್ಧ ಒಲ ಉಳ್ಳಿ ಮೇಯ್ಕಂಡವ್ರೆ ಅನ್ನು."

ನನಗೆ ದುಃಖವಾಗಬೇಕಿತ್ತು. ಆಗಿದ್ದು ಬೇರೆ. ಪಕ್ಷಿವೀಕ್ಷಕನ ಜೀವನದಲ್ಲಿ ಹೆಬ್ಬಾತುಗಳು ಅವನ ಅತ್ತೆಯ ಮನೆಗೇ ಹುಡುಕಿಕೊಂಡು ಬರುವುದು ಸಣ್ಣ ಮಾತಲ್ಲ. ಮುಖವನ್ನು ಗಂಭೀರವಾಗಿಟ್ಟುಕೊಂಡು, ಚಟ ಬಲಿತ ಮೇಲೆ ಕೊಂಡಿದ್ದ ಟೆಲಿಸ್ಕೋಪನ್ನು ಕಾರಿಗೆ ಹಾಕಿದೆ. ಹೆಂಡತಿ ಅದನ್ನು ನೋಡಿ, "ಪರಿಹಾರ ಕೊಡಕ್ಕೆ ಹೋಗ್ತಿದೀರೋ, ಮದುವೆಗೆ ಹೋಗ್ತಿದೀರೋ?" ಎಂದಳು.

ಬೆಳಗಿನ ಮಂಜು ಕರಗುವ ಹೊತ್ತಿಗೆ ಹೊಲದ ಬದುವಿನಲ್ಲಿದ್ದೆವು. ದೊಡ್ಡ ಹಿಂಡು. ಸಾಲಾಗಿ, ಕೂಲಿಗೆ ಬಂದವರ ಹಾಗೆ ತಲೆ ಬಗ್ಗಿಸಿಕೊಂಡು ಹುರುಳಿ ಕೀಳುತ್ತಿದ್ದವು. ನಡುವೆ ಒಂದರ ಕೊರಳಲ್ಲಿ ಹಸಿರು ಪಟ್ಟಿ! ಟೆಲಿಸ್ಕೋಪು ಊರಿ ಅಕ್ಷರ ಕೂಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬೆನ್ನ ಹಿಂದೆ ಸ್ಟೀಲ್ ತಟ್ಟೆಯ ಸದ್ದು ಜಾಗಟೆಯಂತೆ ಮೊಳಗಿತು. ಅತ್ತೆ ಸೌಟು ಹಿಡಿದು ಹೊಲದೊಳಕ್ಕೆ ನುಗ್ಗಿದ್ದರು. ಇಡೀ ಹಿಂಡು ಕೂಗುತ್ತಾ ಎದ್ದಿತು. ಒಂದು ಅಕ್ಷರ, ಎರಡು ಅಂಕಿ ಕಂಡಿತ್ತು, ಅಷ್ಟೇ.

"ಅವ್ವಾ, ಒಂದ್ಗಳಿಗೆ ತಡ್ಕಬಾರ್ದಾಗಿತ್ತಾ? ಅದ್ರ ಕೊಳ್ಳಲ್ಲಿ ನಂಬರ್ ಇತ್ತಂತೆ" ಎಂದಳು ಹೆಂಡತಿ.

ಅತ್ತೆ ತಟ್ಟೆ ಕೆಳಗಿಳಿಸಿದರು. "ಕೊಳ್ಳಿಗೆ ಪಟ್ಟಿ ಕಟ್ಟವ್ರಾ? ಅಂಗಾರೆ ಸಾಕಿರೋವು ಕಣವ್ವ! ನಿನ್ ಗಂಡಂಗೆ ಯೋಳು, ಯಾರ್ದು ಅಂತ ಕೇಳಿ ಕಟ್ಟಾಕ್ಕಳಾಕೆ ಯೋಳ್ಬೇಕು. ಊರ ಮೇಲೆ ಬುಟ್ಬುಡೋದಾ?"

ಆ ದಿನವೇ, ಹೆಬ್ಬಾತುಗಳಿಗೆ ಇಂಥ ಪಟ್ಟಿ ತೊಡಿಸುವ ವಿದೇಶದ ಸಂಶೋಧಕರಿಗೆ ಇಮೇಲ್ ಬರೆದೆ. ಜಾಗ, ಹಿಂಡಿನ ಗಾತ್ರ, ಪಟ್ಟಿಯ ಬಣ್ಣ, ಅಂಕಿ, ಎಲ್ಲವನ್ನೂ ಇತಿಹಾಸಕಾರನ ಖಚಿತತೆಯಿಂದ. ಉತ್ತರ ಬಹಳ ಸೌಜನ್ಯದಿಂದ ಬಂತು. ನಾನು ಕಂಡ ಹೆಬ್ಬಾತು ಕೆಲವು ವರ್ಷಗಳ ಹಿಂದೆಯೇ ಸತ್ತಿದೆ, ಪಟ್ಟಿಯೂ ಅವರ ಬಳಿಯೇ ಇದೆ, ದಯವಿಟ್ಟು ಇನ್ನೊಮ್ಮೆ ನೋಡಲು ಸಾಧ್ಯವೇ ಎಂದು ಕೇಳಿದ್ದರು.

ಇನ್ನೊಮ್ಮೆ ನೋಡಬೇಕಾದರೆ ಹೆಬ್ಬಾತುಗಳು ಅತ್ತೆಯ ಹೊಲದಲ್ಲಿ ನೆಮ್ಮದಿಯಾಗಿ ಮೇಯಬೇಕು. ಈ ಕೋರಿಕೆಯನ್ನು ಅವರಿಗೆ ಹೇಗೆ ಮುಟ್ಟಿಸಿದಳೋ ಹೆಂಡತಿಯೇ ಬಲ್ಲಳು. ಅಳಿಯನ ಮರ್ಯಾದೆಯ ಪ್ರಶ್ನೆ ಎಂದಳಂತೆ. ಅತ್ತೆ ತಟ್ಟೆಯನ್ನು ಒಳಗಿಟ್ಟರು. ಹೆಬ್ಬಾತುಗಳು ಬರಲಿಲ್ಲ. ತಟ್ಟೆಯ ಪಾಠವನ್ನು ಅವು ಚೆನ್ನಾಗಿ ಕಲಿತಿದ್ದವು. ನಾನೂ ಹೆಂಡತಿಯೂ ಅತ್ತೆಯೂ ಬದುವಿನ ಮೇಲೆ ಸಾಲಾಗಿ ಕೂತು, ಉಳಿದ ಹುರುಳಿಯನ್ನು ತಿನ್ನಲು ಅವು ದಯಮಾಡಿಸಲಿ ಎಂದು ಕಾದೆವು.

"ನೋಡವ್ವ, ಬ್ಯಾಡ ಅಂದಾಗ ಬತ್ತವೆ, ಬರ್ರಪ್ಪ ಅಂದ್ರೆ ಇಲ್ಲ" ಎಂದು ಅತ್ತೆ ಗೊಣಗಿದರು.

ಅವು ಇದ್ದದ್ದು ಮೂರು ಹೊಲದಾಚೆ. ಹೊಲದ ಯಜಮಾನರು ಕೋಲು ಹಿಡಿದು ಅವುಗಳ ಕಡೆಗೇ ನಡೆಯುತ್ತಿದ್ದರು. ನಾನು ಟೆಲಿಸ್ಕೋಪು ಹೆಗಲಿಗೆ ಹಾಕಿಕೊಂಡು ಓಡಿದೆ. ಹತ್ತಿರ ಹೋದ ಮೇಲೆ ಹಸಿರು ಟವೆಲ್ಲಿನ ಗುರುತು ಹತ್ತಿತು.

"ಯಜಮಾನ್ರೇ, ಒಂದೈದು ನಿಮಿಷ ಓಡಿಸ್ಬೇಡಿ!"

ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಓಡ್ಸಲ್ಲ ಬುಡಿ ಸಾ. ಅತಿಥಿಗಳಲ್ವಾ. ಎಲ್ಡು ಕಾಳು ತಿಂದ್ರೆ ನಾನೇನ್ ಬಡವ ಆಯ್ತೀನಾ?" ಎಂದು ಕೋಲೂರಿ ನಿಂತರು. "ನಿಮ್ಮತ್ತೆ ತಟ್ಟೆ ಬಡ್ದಿದ್ದು ಈ ಗಂಟ ಕೇಳುಸ್ತು" ಎಂದು ಸೇರಿಸಿದರು.

ಟೆಲಿಸ್ಕೋಪು ಊರಿ ಕಣ್ಣನ್ನು ಗಾಜಿಗೆ ಒತ್ತಿದೆ. ಪಟ್ಟಿಯ ಹಕ್ಕಿ ತಲೆಯೆತ್ತಿತು. ನಾನು ಎಂಟೆಂದು ಓದಿದ್ದು ಮೂರು. ಅರ್ಧ ಕೆಸರು ಮೆತ್ತಿತ್ತು, ಇನ್ನರ್ಧ ನನ್ನ ಆತುರ ಮೆತ್ತಿತ್ತು. ಈ ಸಲ, ನನ್ನ ಹಿಂದೆಯೇ ಬಂದಿದ್ದ ಹೆಂಡತಿ ಮೊಬೈಲನ್ನು ಟೆಲಿಸ್ಕೋಪಿಗಿಟ್ಟು ಫೋಟೋ ತೆಗೆದಳು. ನನ್ನ ಮಾತಿನ ಮೇಲೆ ಅವಳಿಗೂ ಭರವಸೆ ಉಳಿದಿರಲಿಲ್ಲ.

ಫೋಟೋ ಕಳಿಸಿದ್ದಕ್ಕೆ ಉತ್ತರ ಬಂತು: ಮಂಗೋಲಿಯಾದ ಒಂದು ಸರೋವರದ ದಂಡೆಯಲ್ಲಿ, ಗರಿ ಉದುರಿ ಹಾರಲಾರದೆ ಇದ್ದ ಕಾಲದಲ್ಲಿ ಅದಕ್ಕೆ ಪಟ್ಟಿ ತೊಡಿಸಿದ್ದರು. ಆ ಉತ್ತರ ಬಂದ ವಾರ ಊರಿಗೆ ಹೋದಾಗ ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಹಿಮಾಲಯದ ಎತ್ತರ, ಅಲ್ಲಿಯ ತೆಳು ಗಾಳಿ, ಚಳಿ. ಅವರು ಹುರುಳಿ ಕೇರುತ್ತಾ ಕೇಳಿಸಿಕೊಂಡರು. ಮೊರ ಕೆಳಗಿಟ್ಟು, ಮಗಳ ಕಡೆ ತಿರುಗದೆ, ನನ್ನನ್ನೇ ನೋಡಿ ಹೇಳಿದರು:

"ಅಷ್ಟು ಗೊತ್ತಾಗೋದಾದ್ರೆ ಅಳಿಯಂದ್ರೇ, ಬರೋ ವರ್ಸ ಅವು ಯಾವತ್ತು ಬತ್ತವೆ ಅಂತ ಯೋಳ್ಬುಡಿ. ಮುಂಚೇನೇ ಕಿತ್ಕಂಡ್ಬುಡ್ತೀವಿ."

ನನ್ನ ಓದು, ಓಡಾಟ, ಲೇಖನ, ಎಲ್ಲವೂ ಉತ್ತರಿಸಬೇಕಿದ್ದ ಪ್ರಶ್ನೆ ಅದೊಂದೇ. ದೀಪಾವಳಿ ಕಳೆದು ಒಂದು ತಿಂಗಳೊಳಗೆ ಎಂದುಬಿಟ್ಟೆ. ಅತ್ತೆ ನಂಬಿದರು. ಮರುವರ್ಷ ಹುರುಳಿ ಬೇಗ ಚೆಲ್ಲಿ, ಕಾಯಿ ಇನ್ನೂ ಪೂರ್ತಿ ಬಲಿಯದಿದ್ದಾಗಲೇ ಕೀಳಿಸಿದರು. ಆ ವರ್ಷ ಮಳೆ ತಡವಾಗಿ ಹಿಡಿದು ಕೆರೆಗಳೆಲ್ಲ ತುಂಬಿ ತುಳುಕುತ್ತಿದ್ದವು. ಹೆಬ್ಬಾತುಗಳಿಗೆ ದಾರಿಯಲ್ಲೇ ಬೇಕಾದಷ್ಟು ಜಾಗ ಸಿಕ್ಕಿರಬೇಕು. ಸಂಕ್ರಾಂತಿ ಹತ್ತಿರ ಬಂದರೂ ಸುಳಿವಿಲ್ಲ. ಪಕ್ಕದ ಹೊಲದವರೆಲ್ಲ ಬಲಿತ ಹುರುಳಿಯನ್ನು ನಿಧಾನವಾಗಿ ಕಿತ್ತು, ಒಣಗಿಸಿ, ಮನೆ ತುಂಬಿಸಿಕೊಂಡರು.

ಸಂಕ್ರಾಂತಿಗೆ ಹೋದಾಗ ಬಂದಿದ್ದವು. ಕೆರೆಯಂಗಳದಲ್ಲಿ, ಕೊಯ್ಲಾದ ಹೊಲಗಳಲ್ಲಿ ಹರಡಿಕೊಂಡು, ಯಾರ ಅಡ್ಡಿಯೂ ಇಲ್ಲದೆ ಬಿಸಿಲು ಕಾಯಿಸುತ್ತಿದ್ದವು. ಅತ್ತೆಯನ್ನು ಏರಿಗೆ ಕರೆದುಕೊಂಡು ಹೋಗಿ ಟೆಲಿಸ್ಕೋಪು ಅವರ ಎತ್ತರಕ್ಕೆ ಇಳಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಕೊನೆಗೂ ಆ ರೆಕ್ಕೆಗಳ ಸಾಹಸ ಇವರನ್ನು ತಟ್ಟಿತು ಎಂದುಕೊಂಡೆ.

"ಚೆನ್ನಾಗಿ ಕೊಬ್ಬವೆ," ಎಂದರು, ಕಣ್ಣು ತೆಗೆಯದೆ. "ಇನ್ಯಾರ್ದೋ ಉಳ್ಳಿ ಮೇಯ್ಕಂಡು ಬಂದವೆ ಬುಡಿ."