ಕಂಡದ್ದಕ್ಕೊಂದು ಮಾತು, ಕೇಳಿದ್ದಕ್ಕೊಂದು ಮಾತು

ಆಗಿನ್ನೂ ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್‌ನಲ್ಲಿ ನಮ್ಮ ಮನೆಯ ಹಿಂದೆ ಬಯಲಿತ್ತು. ಬೇಲಿಯಾಚೆ ಅರ್ಧ ಕಟ್ಟಿದ ಮನೆಗಳು. ಬೇಸಿಗೆ ರಜೆಯಿಡೀ ಕೊಯ್ದ ಮರದ ವಾಸನೆ. ಅಪ್ಪ, ಅಮ್ಮ ಆಫೀಸಿಗೆ ಹೊರಟರೆ ನನ್ನನ್ನು ಪಕ್ಕದ ಮನೆಯಲ್ಲಿ ಬಿಡುತ್ತಿದ್ದರು. ಅದು ಡೋಲ್ಮಾ ಆಂಟಿಯ ಮನೆ. ಟಿಬೆಟಿನವರಾದರೂ ಅವರು ಹುಟ್ಟಿ ಬೆಳೆದದ್ದು ನಮ್ಮ ಬೈಲಕುಪ್ಪೆಯಲ್ಲಿ. ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅವರ ತಾಯಿಯನ್ನು ನಾವೆಲ್ಲ ಅಮಾ-ಲಾ ಎನ್ನುತ್ತಿದ್ದೆವು. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅಮಾ-ಲಾ ಕನ್ನಡದಲ್ಲೇ ಗದರುತ್ತಿದ್ದರು.

ಅವರು ಖಪ್ಸೆ ಅನ್ನೋ ಗರಿಗರಿ ಬಿಸ್ಕತ್ತು ಕರಿದು ಡಬ್ಬಕ್ಕೆ ಹಾಕಿಡುವರು. ಅದರಲ್ಲೇ ನಮ್ಮ ಆಟ.

"ಡಬ್ಬದಲ್ಲಿ ಖಪ್ಸೆ ಇದೆಯಾ? ನಮ್ಮ ಭಾಷೇಲಿ ಹೇಳು."

"ದುಕ್!"

"ಮುಚ್ಚಳ ತೆಗೆದು ನೋಡಿದ್ಯಾ?"

"ಇಲ್ಲ. ಆದ್ರೆ ಇದೆ ಅಂತ ಗೊತ್ತು."

"ಹಾಗಾದ್ರೆ ಯೋರೆ ಅನ್ನು. ಕಣ್ಣಾರೆ ಕಂಡಿದ್ರೆ ಮಾತ್ರ ದುಕ್."

ಎರಡಕ್ಕೂ 'ಇದೆ' ಎಂದೇ ಅರ್ಥ. ಆದರೆ ಹೇಗೆ ಗೊತ್ತಾಯಿತು ಎನ್ನುವುದನ್ನು ಮುಚ್ಚಿಡಲು ಆ ಭಾಷೆ ಬಿಡುತ್ತಿರಲಿಲ್ಲ. ತಪ್ಪು ಹೇಳಿದರೆ ಖಪ್ಸೆ ಸಿಗುತ್ತಿರಲಿಲ್ಲ.

ಅಮಾ-ಲಾ ನನ್ನಷ್ಟೇ ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಟಿಬೆಟಿನಿಂದ ಹಿಮದ ಬೆಟ್ಟ ದಾಟಿ ಬಂದವರು. ಹಿಂದೆ ಉಳಿದ ಅಜ್ಜಿಯನ್ನು ಕರೆತರುತ್ತೇನೆಂದು ತಿರುಗಿ ಹೋದ ಅಪ್ಪ ಮತ್ತೆ ಬರಲಿಲ್ಲ. ತೀರಿಕೊಂಡರೆಂದು ಊರೆಲ್ಲ ಹೇಳಿತು, ಅಮಾ-ಲಾ ಹೇಳಲಿಲ್ಲ. ಕೇಳಿದರೆ, "ನಾನು ನೋಡಿಲ್ಲ ಪುಟ್ಟಿ" ಎಂದಷ್ಟೇ.

ರಜೆ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಮಳೆ ಸುರಿದು ನಿಂತು, ಬಯಲಿನಿಂದ ಬಿಸಿ ಹಬೆ ಏಳುತ್ತಿತ್ತು. ಡೋಲ್ಮಾ ಆಂಟಿಗೆ ಅಂದು ಡ್ಯೂಟಿ ಇರಲಿಲ್ಲ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದರು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಮಾ-ಲಾ ಮೆಲ್ಲಗೆ ಅಂದರು:

"ಪಾ-ಲಾ ದುಕ್."

ಪಾ-ಲಾ ಎಂದರೆ ಅಪ್ಪ. ನನಗೂ ಅರ್ಥವಾಯಿತು. ಬೇಲಿಯಾಚೆ ನೋಡಿದೆ. ಮನೆಗಳ ಚೌಕಟ್ಟು, ನಿಂತ ನೀರು, ಅಷ್ಟೇ.

ಆಂಟಿ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಿಟ್ಟಿನ ಕೈಯಲ್ಲೇ ಶೂ ಹಾಕಿಕೊಂಡು ಹೊರಟೇಬಿಟ್ಟರು. ಕೆಸರು ತುಳಿಯುತ್ತ ಒಂದೊಂದು ಚೌಕಟ್ಟಿನೊಳಗೂ ಹೋಗಿ ಇಣುಕಿದರು. ಕಾಣದ್ದನ್ನು ಅವರಮ್ಮ ಯಾವತ್ತೂ ದುಕ್ ಎಂದವರಲ್ಲ.

ತಿರುಗಿ ಬಂದು, "ಮಿಂದುಕ್, ಅಮಾ" ಎಂದರು. ಅಂದರೆ, 'ನಾನು ನೋಡಿದೆ, ಇಲ್ಲ'.

ಅಮಾ-ಲಾ ಬಯಲಿನಿಂದ ಕಣ್ಣು ಕೀಳದೆ ಕನ್ನಡದಲ್ಲೇ ಅಂದರು, ನನಗೂ ತಿಳಿಯಲಿ ಎಂಬಂತೆ: "ನಿನಗೆ ಕಾಣಲಿಲ್ಲ."

ಆಂಟಿ ಮೆಟ್ಟಿಲ ಮೇಲೆ ಕೂತು ಅತ್ತರು. ನಾನು ಹೆದರಿ ಅವರ ಬೆನ್ನಿಗೆ ಅಂಟಿಕೊಂಡೆ.

ಆಮೇಲೆ ಹ್ಯೂಸ್ಟನ್ನಿನ ಡಾಕ್ಟರುಗಳು, ಸ್ಕ್ಯಾನು, ಮಾತ್ರೆ. ಮರೆವಿನ ರೋಗ ಎಂದರು. ಚಳಿಗಾಲಕ್ಕೆ ಆಂಟಿ ಅಮಾ-ಲಾರನ್ನು ಕರೆದುಕೊಂಡು ಡಲ್ಲಾಸಿಗೆ ಶಿಫ್ಟ್ ಆದರು. ಅಮಾ-ಲಾರ ನೆನಪಿನಿಂದ ಕನ್ನಡ ಮೊದಲು ಹೋಯಿತಂತೆ, ಆಮೇಲೆ ಮಕ್ಕಳ ಹೆಸರು. ಅಮಾ-ಲಾ ತೀರಿಕೊಂಡ ಸುದ್ದಿ ಅಮ್ಮನಿಗೆ ಫೋನಿನಲ್ಲಿ ಬಂತು.

ಆ ಬಯಲಿನಲ್ಲಿ ಈಗ ಸಾಲುಸಾಲು ಮನೆ. ನಾನಿರುವುದು ಆಸ್ಟಿನ್ನಿನಲ್ಲಿ. ಆ ಭಾಷೆಯ ನಾಲ್ಕು ಪದಗಳನ್ನು ಹಂಚಿಕೊಳ್ಳಲೂ ಹತ್ತಿರ ಯಾರೂ ಇಲ್ಲ. ಅಮಾ-ಲಾರ ಅಪ್ಪ ಅಂದು ಹೇಗೆ ಕಂಡರು, ಹೋದಾಗಿನ ವಯಸ್ಸಿನಲ್ಲೇ ಇದ್ದರಾ, ಅಜ್ಜಿ ಜೊತೆಗಿದ್ದರಾ, ನಾನು ಕೇಳಲೇ ಇಲ್ಲ. ಕೇಳಿದ್ದರೆ ಅಮಾ-ಲಾ ಕಂಡಷ್ಟನ್ನೇ ಹೇಳುತ್ತಿದ್ದರು.