ಬಿರಿಯಾನಿ ಇಲ್ಲದ ತಾಯಿಫ್

ನಮ್ಮ ಆಫೀಸಿನ ಗ್ಯಾರೆತ್ ರಜೆ ಮುಗಿಸಿ ಬಂದವನು ಎಲ್ಲರ ಮೇಜಿನ ಮೇಲೂ ಒಂದೊಂದು ಚಾಕಲೇಟು ಇಟ್ಟ. ನನ್ನ ಮೇಜಿಗೆ ಮಾತ್ರ ಚಾಕಲೇಟಿನ ಜೊತೆಗೆ ಒಂದು ಮಡಚಿದ ಬಣ್ಣದ ಕಾಗದವೂ ಬಂತು. ಅವನು ವೇಲ್ಸಿನವನು. ಇಂಗ್ಲೆಂಡಿನವನು ಎಂದು ಯಾರಾದರೂ ಕರೆದರೆ, ಕುಂದಾಪುರದವರನ್ನು ಮಂಗಳೂರಿನವರು ಎಂದಾಗ ಆಗುವಂತೆ, ಅವನ ಮುಖ ಸಣ್ಣದಾಗುತ್ತದೆ. ಕಾಗದದಲ್ಲಿ ಅವನ ಊರಿನ ರಾಷ್ಟ್ರೀಯ ಉದ್ಯಾನದಲ್ಲಿ ನೋಡಬೇಕಾದ ಜಾಗಗಳಿದ್ದವು: ಬೆಟ್ಟದ ನೆತ್ತಿಯವರೆಗೆ ಹೊಗೆ ಬಿಡುತ್ತ ಹತ್ತುವ ಪುಟ್ಟ ರೈಲು, ಹಳೆಯ ಕಲ್ಲಿನ ಗಣಿಯ ಗುಹೆ, ಜಲಪಾತ, ಒಂದು ಮುರುಕು ಕೋಟೆ, ಮತ್ತು ಪ್ರತಿಯೊಂದು ಚಿತ್ರದ ಮೂಲೆಯಲ್ಲೂ ತಪ್ಪದೆ ಒಂದು ಕುರಿ. ಮಳೆ ಬಂದರೆ ಎಲ್ಲಿಗೆ ಹೋಗಬೇಕು ಎನ್ನುವುದಕ್ಕೇ ಬೇರೆ ಪುಟ. ಸೌದಿಯ ಜಿದ್ದಾದಲ್ಲಿ ಕೂತು ಆ ಪುಟ ಓದುವಾಗ ನನಗೆ ನಗು ಬಂತು. ಇಲ್ಲಿ ನಾಲ್ಕು ಹನಿ ಬಿದ್ದರೆ ಅದನ್ನು ನೋಡುವುದಕ್ಕೆಂದೇ ಮನೆಯಿಂದ ಹೊರಗೆ ಓಡುವವರು ನಾವು.

ನಾನು ಕಾಗದವನ್ನು ಎರಡೂ ಕಡೆ ತಿರುಗಿಸಿ ಹುಡುಕಿದೆ. ನನಗೆ ಬೇಕಾದದ್ದು ಮಾತ್ರ ಎಲ್ಲೂ ಕಾಣಲಿಲ್ಲ. "ಅಲ್ಲ ಗ್ಯಾರೆತ್, ಊಟಕ್ಕೆ ಎಲ್ಲಿ ಕೂರುತ್ತೀರಿ?" ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಚೀಲದಲ್ಲಿ ಸ್ಯಾಂಡ್‌ವಿಚ್ ಇರುತ್ತದೆ, ಬೆಟ್ಟ ಹತ್ತುತ್ತ ಹತ್ತುತ್ತ ತಿನ್ನುತ್ತೇವೆ ಎಂದ. ನಡೆಯುತ್ತ ತಿನ್ನುವುದು! ನನಗೆ ತಕ್ಷಣ ಹಸನಾಕನ ನೆನಪಾಯಿತು. ಈ ಮಾತು ಅವರ ಕಿವಿಗೆ ಬಿದ್ದಿದ್ದರೆ ಆ ದೇಶದವರಿಗೆಲ್ಲ ಒಂದು ಚಾಪೆ ಕಳುಹಿಸಿಕೊಡುವ ಏರ್ಪಾಡು ಮಾಡುತ್ತಿದ್ದರು.

ಹಸನಾಕನನ್ನು ನಿಮಗೆ ಪರಿಚಯಿಸಬೇಕು. ಉಳ್ಳಾಲದ ಕಡೆಯವರು, ಬ್ಯಾರಿ ಮುಸ್ಲಿಮರು, ಜಿದ್ದಾದಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ. ನಾನೂ ನನ್ನ ಹೆಂಡತಿಯೂ ಉಡುಪಿಯವರು. ಊರಿನಲ್ಲಿದ್ದರೆ ಒಬ್ಬರನ್ನೊಬ್ಬರು ಕಾಣುತ್ತಲೇ ಇರಲಿಲ್ಲ. ಇಲ್ಲಿ ಆಗ ಒಂದೇ ಮಹಡಿಯಲ್ಲಿ ಎದುರುಬದುರು ಬಾಗಿಲು. ಶುಕ್ರವಾರ ಬಂತೆಂದರೆ ಹಸನಾಕನ ಬಿಳಿ ವ್ಯಾನು, ಅವರ ಹೆಂಡತಿ ಜೊಹರಕ್ಕನ ಬಿರಿಯಾನಿ, ನನ್ನವಳ ಗೋಳಿಬಜೆ, ನಾವು ನಾಲ್ವರು. ಅವರ ಮಕ್ಕಳು ಆಗಲೇ ಊರಿನ ಕಾಲೇಜು ಸೇರಿದ್ದರು. ನಾವು ಹೋಗದ ಜಾಗ ಇರಲಿಲ್ಲ, ಹೋಗಿ ನೋಡಿದ ಜಾಗವೂ ಇರಲಿಲ್ಲ.

ಇದೇನು ಒಗಟು ಎನ್ನಬೇಡಿ, ಸತ್ಯ ಸಂಗತಿ. ನಾವು ಕರಾವಳಿಯವರು ಪ್ರವಾಸ ಹೋಗುವುದೆಂದರೆ ಮನೆಯ ಊಟವನ್ನು ಬೇರೆ ಕಡೆ ಹೊತ್ತುಕೊಂಡು ಹೋಗಿ ಉಂಡು ಬರುವುದು. ಗಾಡಿ ನಿಂತ ಕೂಡಲೇ ಗಂಡಸರು ನೋಡುವುದು ಬೆಟ್ಟವನ್ನಲ್ಲ, ನೆರಳನ್ನು. ಹೆಂಗಸರು ಹುಡುಕುವುದು ಕೈತೊಳೆಯುವ ನಲ್ಲಿಯನ್ನು. ಆಮೇಲೆ ಚಾಪೆ ಯಾವ ಕಡೆಗೆ ಹಾಸಬೇಕು ಎಂಬ ಚರ್ಚೆ. ಆಮೇಲೆ ಊಟ, ಆಮೇಲೆ ಒಂದು ಸಣ್ಣ ನಿದ್ದೆ, ಎದ್ದರೆ ಚಹಾ, ಅಷ್ಟರಲ್ಲಿ ಹೊತ್ತು ಮುಳುಗುತ್ತದೆ. ಜಿದ್ದಾಕ್ಕೆ ಬರುವ ಮೊದಲು ನಾನೂ ನನ್ನವಳೂ ಸೌದಿಯ ಇನ್ನೊಂದು ತುದಿಯ ಅಲ್ ಅಹ್ಸಾದಲ್ಲಿದ್ದಾಗ ಅಲ್ಲಿಯ ಪ್ರಸಿದ್ಧ ಗುಹೆ ನೋಡಲು ಹೋಗಿದ್ದೆವು. ಗುಹೆಯ ಬಾಯಲ್ಲೇ ಎಷ್ಟು ತಂಪಾಗಿತ್ತೆಂದರೆ ಅಲ್ಲೇ ಉಂಡು ಮಲಗಿದೆವು. ಗುಹೆಯ ಒಳಗೆ ಏನಿದೆ ಎಂದು ಇವತ್ತು ನನ್ನನ್ನು ಕೇಳಿದರೆ ನಾನು ಗೋಡೆ ನೋಡಬೇಕಾಗುತ್ತದೆ.

ಹಸನಾಕನಿಗೆ ಇದಕ್ಕೊಂದು ಸಿದ್ಧಾಂತವೇ ಇತ್ತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಅಂತ ಆಗ್ಬಾರ್ದು ಮಾರಾಯ. ಮೊದ್ಲು ಊಟ. ಬೆಟ್ಟ ಎಂತ ಓಡಿ ಹೋಗ್ತದಾ?"

ಬೆಟ್ಟ ಓಡಿಹೋಗುತ್ತಿರಲಿಲ್ಲ ನಿಜ. ಆದರೆ ಜೊಹರಕ್ಕನಿಗೆ ಬೆಟ್ಟವಲ್ಲ, ಬೆಟ್ಟದಿಂದ ಇಳಿಯುವ ಕೇಬಲ್ ಕಾರು ಬೇಕಾಗಿತ್ತು. ಮಕ್ಕಾದ ಆಚೆಗಿನ ಬೆಟ್ಟದೂರು ತಾಯಿಫಿನ ಅಲ್ ಹದಾ ಎಂಬಲ್ಲಿ ಬೆಟ್ಟದಂಚಿನಿಂದ ಕೆಳಗಿನ ಕಣಿವೆಯವರೆಗೆ ತಂತಿಯ ಮೇಲೆ ಪೆಟ್ಟಿಗೆಗಳು ಹೋಗಿಬರುತ್ತವೆ. ಮೊದಲ ಸಲ ಹೋದಾಗಲೇ ಆಕೆ ಬಿರಿಯಾನಿ ಬಡಿಸುವ ಕೈಯನ್ನು ಅರ್ಧಕ್ಕೆ ನಿಲ್ಲಿಸಿ ಅದನ್ನೇ ನೋಡಿದ್ದರು. "ಅದ್ರಲ್ಲಿ ಒಮ್ಮೆ ಕೂರ್ಬೇಕಿತ್ತು" ಎಂದಿದ್ದರು. "ಊಟ ಆಗ್ಲಿ" ಎಂದಿದ್ದರು ಹಸನಾಕ. ಊಟವಾಯಿತು, ನಿದ್ದೆಯಾಯಿತು, ಎದ್ದು ನೋಡಿದರೆ ಟಿಕೆಟ್ಟಿನ ಸಾಲು ರಸ್ತೆಯವರೆಗೆ ಬಂದಿತ್ತು. "ಮುಂದಿನ ಸಲ" ಎಂದರು. ಆ ಮುಂದಿನ ಸಲವೂ ಬಂತು, ಅದರ ಮುಂದಿನದೂ ಬಂತು. ಪ್ರತಿ ಸಲವೂ ಬಿರಿಯಾನಿ ಚೆನ್ನಾಗಿತ್ತು. ನಾವು ಗಂಡಸರು ಹೊಗಳುತ್ತ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದೆವು, ಅದೇ ಆಕೆಯ ವೈರಿ ಎಂದು ನಮಗೆ ಹೊಳೆಯಲೇ ಇಲ್ಲ.

ಕೊನೆಗೆ ಮುಂದಿನ ಸಲ ಎನ್ನುವುದೇ ಮುಗಿಯಿತು. ಕುಟುಂಬದವರ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನವೀಕರಿಸುವ ಖರ್ಚು ಏರಿ, ನಮ್ಮ ಕಟ್ಟಡದಿಂದ ಒಂದೊಂದೇ ಸಂಸಾರ ಊರಿಗೆ ಹೊರಟಿತ್ತು. ಜೊಹರಕ್ಕನಿಗೂ ಫೈನಲ್ ಎಕ್ಸಿಟ್ ಹಾಕಿಸಬೇಕಾಯಿತು. ಇನ್ನು ಹಿಂದಿರುಗಿ ಬರುವಂತಿಲ್ಲ. ಹಸನಾಕ ಒಬ್ಬರೇ ಉಳಿದು ಅಂಗಡಿ ನೋಡಿಕೊಳ್ಳುವುದೆಂದು ತೀರ್ಮಾನವಾಯಿತು. ಹೊರಡುವ ಮೊದಲಿನ ಶುಕ್ರವಾರ ಎಲ್ಲಿಗೆ ಹೋಗೋಣ ಎಂದು ಗಂಡ ಕೇಳಿದಾಗ ಆಕೆ "ತಾಯಿಫ್" ಎಂದಷ್ಟೇ ಹೇಳಿದರು. ಮತ್ತೆ ಬೆಳಗಿನ ಬಾಂಗಿಗೆ ಮೊದಲೇ ಎದ್ದು ಅಕ್ಕಿ ನೆನೆಹಾಕಿದರು, ಪಾಪ.

ದಾರಿಯಲ್ಲಿ ಹಸನಾಕನ ಹಳೆಯ ತಮಾಷೆ ತಪ್ಪಲಿಲ್ಲ. ಮಕ್ಕಾ ಊರಿನೊಳಗೆ ಮುಸ್ಲಿಮರಲ್ಲದ ನಮಗೆ ಪ್ರವೇಶವಿಲ್ಲದ್ದರಿಂದ ನಾವು ಜೊತೆಗಿದ್ದರೆ ಅವರೂ ಬೈಪಾಸಿನಲ್ಲೇ ಸುತ್ತಬೇಕು. "ನಿಮ್ಮಿಬ್ಬರ ದೆಸೆಯಿಂದ ನನ್ನ ವ್ಯಾನಿಗೆ ಈ ದಾರಿ ಬಾಯಿಪಾಠ ಆಗಿದೆ ಮಾರಾಯ" ಎನ್ನುವುದು. ನನ್ನ ಹೆಂಡತಿ ಅದಕ್ಕೆ ಉತ್ತರವಾಗಿ ಒಂದು ಗೋಳಿಬಜೆ ಕೊಡುವುದು. ಜೊಹರಕ್ಕ ಮಾತ್ರ ಅವತ್ತು ನಗಲಿಲ್ಲ. ಕಂಬಳಿ ಸುತ್ತಿದ ಬಿರಿಯಾನಿ ಪಾತ್ರೆಯನ್ನು ಎರಡು ಕಾಲುಗಳ ನಡುವೆ ಹಿಡಿದುಕೊಂಡು ಕೂತಿದ್ದರು.

ಅಲ್ ಹದಾದ ಮಂಗಗಳ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಇವು ನಮ್ಮೂರಿನ ಬಡಕಲು ಮಂಗಗಳಲ್ಲ. ಹೆಗಲ ಮೇಲೆ ಬಿಳಿ ಕೇಸರ, ಕೆಂಪು ಕುಂಡೆ, ರಸ್ತೆ ಬದಿಯ ಕಟ್ಟೆಯ ಮೇಲೆ ಸಂಸಾರ ಸಮೇತ ಸಾಲಾಗಿ ಕೂತು, ಬಂದವರನ್ನು ಪಂಚಾಯಿತಿ ಸದಸ್ಯರ ಗಾಂಭೀರ್ಯದಲ್ಲಿ ಪರಿಶೀಲಿಸುವ ಬಬೂನುಗಳು. ಇವಕ್ಕೆ ಆಹಾರ ಕೊಡಬಾರದು ಎಂದು ಫಲಕವೂ ಇದೆ. ವ್ಯಾನು ನಿಲ್ಲಿಸಿ ಹಸನಾಕನೂ ನಾನೂ ಚಾಪೆ ಹಿಡಿದು ನೆರಳು ಹುಡುಕಲು ಇಳಿಜಾರಿಗೆ ಹೋದೆವು. ಹೆಂಗಸರು ಗಾಡಿಯ ಹತ್ತಿರವೇ ಉಳಿದರು. ನಾನು ಬಗ್ಗಿ ಚಾಪೆಯ ಕೆಳಗಿನ ಕಲ್ಲುಗಳನ್ನು ಆರಿಸುತ್ತಿದ್ದೆ. ಆಗ ಮೇಲಿನಿಂದ ನನ್ನ ಹೆಂಡತಿಯ ಕಿರುಚಾಟ ಕೇಳಿಸಿತು.

ಹೋಗಿ ನೋಡಿದರೆ ವ್ಯಾನಿನ ಹಿಂದಿನ ಬಾಗಿಲು ಹಾರುಹೊಡೆದಿತ್ತು. ಪಾತ್ರೆ ಮಗುಚಿ ಬಿದ್ದಿತ್ತು. ಸಂಸಾರ ಸಮೇತ ಔತಣ ನಡೆಯುತ್ತಿತ್ತು. ಹಿರಿಯ ಗಂಡು ಬಬೂನೊಂದು ಮೊಟ್ಟೆಯನ್ನು ಬಿಟ್ಟು ಅನ್ನವನ್ನು ಮಾತ್ರ ಆರಿಸಿ ತಿನ್ನುತ್ತಿತ್ತು. "ಮಂಗನ ಕೈಗೆ ಮಾಣಿಕ್ಯ ಸಿಕ್ಕಿತಲ್ಲ ಮಾರಾಯ!" ಎಂದು ಹಸನಾಕ ಚಪ್ಪಲಿ ಎತ್ತಿ ಬ್ಯಾರಿ, ಕನ್ನಡ, ಅರಬಿ ಮೂರರಲ್ಲೂ ಬೈದರು. ಬೈಗುಳ ಜೋರಾಗಿತ್ತು, ಓಟ ಮಾತ್ರ ಯಾಕೋ ನಿಧಾನವಾಗಿತ್ತು. ಮೊಣಕಾಲು ನೋವಿರಬೇಕು ಎಂದುಕೊಂಡೆ. ಒಂದು ಮರಿ ಗೋಳಿಬಜೆಯನ್ನು ಎತ್ತಿ, ಕಚ್ಚಿ, ಮೂಸಿ, ಪ್ರಪಾತಕ್ಕೆ ಎಸೆಯಿತು. ನನ್ನ ಹೆಂಡತಿಗೆ ಇಂದಿಗೂ ಆ ಮರಿಯ ಮೇಲೆ ಸಿಟ್ಟಿದೆ.

ಊಟ ಹೋಯಿತು. ನಾವು ಗಂಡಸರಿಬ್ಬರೂ ಖಾಲಿ ಚಾಪೆ ನೋಡುತ್ತ ನಿಂತೆವು. ಪ್ರವಾಸಕ್ಕೆ ಬಂದು ಮುಂದೇನು ಮಾಡಬೇಕು ಎಂದು ಗೊತ್ತಾಗದೆ ನಿಂತದ್ದು ಅದೇ ಮೊದಲು. "ಇನ್ನೆಂತ ಮಾಡುದು, ಯಾವುದಾದ್ರೂ ಹೋಟೆಲಿಗೆ ಹೋಗುವ" ಎಂದೆ ನಾನು, ಹೊಟ್ಟೆಯ ಕಡೆಯವನು. ಜೊಹರಕ್ಕ ಸೆರಗಿನ ಅಂಚಿನಲ್ಲಿ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಹೋಟೆಲ್ ಎಂತ ಓಡಿ ಹೋಗ್ತದಾ? ಕೇಬಲ್ ಕಾರಿಗೆ ಈಗ ಸಾಲೇ ಇಲ್ಲ."

ತಮ್ಮದೇ ಮಾತು ತಮಗೇ ತಿರುಗಿ ಬಂದದ್ದೇ ಹಸನಾಕ ಚಾಪೆ ಸುತ್ತಿ ವ್ಯಾನಿಗೆ ಹಾಕಿದರು. ಟಿಕೆಟ್ ತೆಗೆದರು. ನಾಲ್ವರೂ ಒಂದೇ ಪೆಟ್ಟಿಗೆಯಲ್ಲಿ ಕೂತೆವು. ಬಾಗಿಲು ಹಾಕಿಕೊಂಡದ್ದೇ ಹಸನಾಕ ಸರಳು ಹಿಡಿದು ಕಣ್ಣು ಮುಚ್ಚಿ ದುವಾ ಹೇಳತೊಡಗಿದರು. ನಾನು ಧೈರ್ಯವಂತನಂತೆ ನನ್ನ ಬೂಟುಗಳನ್ನೇ ನೋಡುತ್ತ ಕೂತೆ. ಜೊಹರಕ್ಕ ಮಾತ್ರ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದರು. ಕಂದು ಬೆಟ್ಟಗಳು ಒಂದರ ಹಿಂದೆ ಒಂದು ಇಳಿಯುತ್ತ ಹೋಗಿ ಕೊನೆಗೆ ಮಬ್ಬಿನಲ್ಲಿ ಕಾಣದಾಗುತ್ತಿದ್ದವು. ಪಕ್ಕದ ಬೆಟ್ಟದ ಮೈಮೇಲೆ ಒಂದು ರಸ್ತೆ ಸುತ್ತಿ ಸುತ್ತಿ ಹತ್ತುತ್ತಿತ್ತು.

"ನಾವು ಬಂದ ರಸ್ತೆ ಅದೇ ಅಲ್ವಾ?" ಎಂದು ಕೇಳಿದರು.

"ಹೌದು ಜೊಹರಕ್ಕ" ಎಂದೆ.

"ಎಷ್ಟು ಚಂದ ಉಂಟು. ಇಷ್ಟು ವರ್ಷ ನಾನು ಆ ತಿರುವಲ್ಲೆಲ್ಲ ಪಾತ್ರೆ ಮಗುಚದ ಹಾಗೆ ತಲೆ ಬಗ್ಗಿಸಿ ಹಿಡ್ಕೊಂಡು ಕೂತದ್ದು. ಒಮ್ಮೆಯೂ ಹೊರಗೆ ನೋಡ್ಲಿಕ್ಕೆ ಆಗ್ಲಿಲ್ಲ."

ನನಗೆ ನಾಚಿಕೆಯಾಯಿತು. ಆ ಪಾತ್ರೆಯಿಂದ ಎರಡೆರಡು ಸಲ ಹಾಕಿಸಿಕೊಂಡವನು ನಾನೇ ತಾನೇ. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಹುಡುಕುತ್ತಿರುವಾಗ ಆಕೆ ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ನನ್ನವಳು ಬಾಯಿಗೆ ಕೈ ಮುಚ್ಚಿಕೊಂಡು ಇಳಿಯುವವರೆಗೂ ನಕ್ಕಳು. ಮನೆಗೆ ಬಂದ ಮೇಲೆ ನನಗೆ ಹೇಳಿದಳು: ವ್ಯಾನಿನ ಬಾಗಿಲು ತೆರೆದಿಟ್ಟವರು ಜೊಹರಕ್ಕನೇ. ಪಾತ್ರೆಯ ಮುಚ್ಚಳವನ್ನೂ ಕೈಯಾರೆ ತೆಗೆದು, 'ಬಾ ಸ್ವಲ್ಪ ಆಚೆ ನೋಡುವ' ಎಂದು ಇವಳನ್ನು ಕರೆದುಕೊಂಡು ಹೋದದ್ದಂತೆ. "ಅದೆಲ್ಲ ಸರಿ, ನನ್ನ ಗೋಳಿಬಜೆಯ ಡಬ್ಬಿಯನ್ನಾದರೂ ಮೊದಲು ತೆಗೆದಿಡಬಹುದಿತ್ತು" ಎಂದು ನನ್ನವಳ ತಕರಾರು. ಹಸನಾಕನಿಗೆ ಯಾವತ್ತೂ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಮುಂದಿನ ವಾರ ಜೊಹರಕ್ಕ ಊರಿಗೆ ಹೋದರು.

ಗ್ಯಾರೆತ್ ಕೊಟ್ಟ ಕಾಗದ ಹಿಡಿದು ಆ ಸಂಜೆಯೇ ನಾನು ಹಸನಾಕನ ಅಂಗಡಿಗೆ ಹೋದೆ. ಎದುರು ಬಾಗಿಲಿನ ಮನೆಯನ್ನು ಅವರು ಬಿಟ್ಟು ವರ್ಷಗಳಾದವು. ಈಗ ಅಂಗಡಿಯ ಮೇಲಿನ ಕೋಣೆಯಲ್ಲಿ ಊರಿನ ಇತರರ ಜೊತೆ ಇದ್ದಾರೆ. ಸ್ಯಾಂಡ್‌ವಿಚ್ಚಿನ ಕತೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿ ಆ ಪುಟ್ಟ ರೈಲಿನ ಚಿತ್ರವನ್ನು ತುಂಬ ಹೊತ್ತು ನೋಡಿ, "ಇದನ್ನು ಜೊಹರಾ ನೋಡಿದ್ರೆ ಬಿಡ್ಲಿಕ್ಕಿಲ್ಲ" ಎಂದರು. ನನ್ನ ನಾಲಗೆ ತುರಿಸಿತು.

"ಹಸನಾಕ, ಅವತ್ತು ಮಂಗ ವ್ಯಾನಿನ ಬಾಗಿಲು ಹೇಗೆ ತೆಗೀತು ಅಂತ ನಿಮಗೆ ಒಂದು ದಿನವೂ ಅನುಮಾನ ಬರ್ಲಿಲ್ವಾ?"

"ಅನುಮಾನ ಎಂತದ್ದು? ನೀನು ಬಗ್ಗಿ ಕಲ್ಲು ಹೆಕ್ಕುವಾಗ ನಾನು ತಿರುಗಿ ನೋಡಿದ್ದೆ. ಅವಳು ಮುಚ್ಚಳ ತೆಗೆಯುದೂ ಕಂಡಿತು, ಮಂಗ ಕಟ್ಟೆಯಿಂದ ಇಳಿಯುದೂ ಕಂಡಿತು."

"ಮತ್ತೆ ಕೂಗ್ಲಿಲ್ಲ ಯಾಕೆ?"

"ಹೇಗೆ ಕೂಗುದು ಮಾರಾಯ? ಹತ್ತು ಸಲ ಮುಂದಿನ ಸಲ ಮುಂದಿನ ಸಲ ಅಂತ ಹೇಳಿದ ಬಾಯಿ ಇದು." ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು, ನನ್ನದು ಅದು, ಆದರೆ ನಾನು ಕೇಳಲಿಲ್ಲ. "ನೀನು ಈಗ ಹೋಗಿ ಅವಳಿಗೆ ಹೇಳ್ಬೇಡ. ನನ್ನನ್ನು ಏಮಾರಿಸಿದೆ ಅಂತ ಊರಲ್ಲಿ ಕೂತು ಈಗಲೂ ಅವಳಿಗೆ ನಗು ಬರ್ತದೆ. ಅದು ಒಂದು ಇರಲಿ ಅವಳಿಗೆ."

ಹೀಗೆ ಗಂಡನ ಗುಟ್ಟು ಹೆಂಡತಿಗೆ, ಹೆಂಡತಿಯ ಗುಟ್ಟು ಗಂಡನಿಗೆ ಹೇಳದೆ ನಡುವೆ ನಾನೊಬ್ಬ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದೆ. ಈಗ ನಿಮಗೆ ಹೇಳಿ ಸ್ವಲ್ಪ ಹಗುರಾಯಿತು. ಬರುವ ಶುಕ್ರವಾರ ಗ್ಯಾರೆತ್‌ನನ್ನು ಕರೆದುಕೊಂಡು ನಾನೂ ಹಸನಾಕನೂ ತಾಯಿಫಿಗೆ ಹೊರಟಿದ್ದೇವೆ. ಮೊದಲು ನೋಡುವುದು, ಆಮೇಲೆ ಸಿಕ್ಕಿದಲ್ಲಿ ತಿನ್ನುವುದು ಎಂದು ಮಾತಾಗಿದೆ. ನೀವು ಉಳ್ಳಾಲದ ಕಡೆ ಹೋದರೆ, ಜೊಹರಕ್ಕ ನಿಮಗೂ ಆ ಮಂಗಗಳ ಕತೆ ಹೇಳದೆ ಬಿಡುವವರಲ್ಲ. ಬಾಗಿಲು ಯಾರು ತೆರೆದರು ಎಂಬಲ್ಲಿಗೆ ಬಂದಾಗ ದಮ್ಮಯ್ಯ, ಏನೂ ಗೊತ್ತಿಲ್ಲದವರಂತೆ ಕೇಳಿಸಿಕೊಳ್ಳಿ.