ಏಣಿಯಕ್ಕನ ದಾರದ ನಕ್ಷೆ

ನನ್ನ ಚಿಕ್ಕಮ್ಮನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಏಣಿಯಕ್ಕ ಎಂದೇ ಕರೆಯುತ್ತಾರೆ. ಹತ್ತೊಂಬತ್ತು ವರ್ಷ ಅವಳು ಅಲ್ಲಿ ಕಂಪ್ಯೂಟರ್ ಕೇಬಲ್ ಎಳೆಯುವ ಕೆಲಸ ಮಾಡಿದಳು. ಹೆಗಲ ಮೇಲೆ ಅಲ್ಯೂಮಿನಿಯಂ ಏಣಿ, ಸೊಂಟದಲ್ಲಿ ಕಟರ್, ಬಾಯಲ್ಲಿ ಟಾರ್ಚು. ಅಲ್ಲಿನ ಐದು ಕಟ್ಟಡಗಳ ಫಾಲ್ಸ್ ಸೀಲಿಂಗ್ ಮೇಲೆ ಏನೇನಿದೆ ಎಂದು ಅವಳಿಗೆ ಗೊತ್ತಿರುವಷ್ಟು, ಕಟ್ಟಿದವರಿಗೂ ಗೊತ್ತಿಲ್ಲ.

ಹೋದ ವರ್ಷ ಅವಳ ಮಂಡಿ ಕೈಕೊಟ್ಟಿತು. ಇನ್ನು ಏಣಿ ಹತ್ತಲೇಬಾರದು ಎಂದರು ಡಾಕ್ಟರು. ಸ್ಟೋರ್ ರೂಮಿನಲ್ಲಿ ಕೂತು ಬೀಗದ ಕೈ ಕೊಡುವ ಕೆಲಸ ಸಿಕ್ಕಿತು. ಅಲ್ಲಿ ಕೂತ ಮೊದಲ ವಾರ ಅವಳು ಮನೆಯಲ್ಲಿ ಒಂದೂ ತಮಾಷೆ ಮಾತಾಡಲಿಲ್ಲ. ನಮಗೆ ನಿಜವಾಗಿ ಭಯವಾದದ್ದು ಆಗಲೇ.

ಎರಡನೇ ವಾರ ಒಂದು ಸುದ್ದಿ ತಂದಳು. ಮಕ್ಕಳಿಗಾಗಿ ಹೊಸ ಕಟ್ಟಡ ಏಳುತ್ತಿತ್ತು. ಆಸ್ಪತ್ರೆಯ ಎರಡು ಸಾವಿರ ಕಂಪ್ಯೂಟರ್‌ಗಳನ್ನು ಜೋಡಿಸುವ ನೆಟ್‌ವರ್ಕ್ ವಿನ್ಯಾಸ ಮಾಡುವ ಕಚೇರಿಗೆ ಇನ್ನೊಬ್ಬರು ಬೇಕಾಗಿದ್ದರು. ಒಳಗಿನವರು ಯಾರು ಬೇಕಾದರೂ ಆರು ತಿಂಗಳು ಕಲಿತು, ಹೊಸ ಕಟ್ಟಡದ ನೆಟ್‌ವರ್ಕ್ ನಕ್ಷೆ ಮಾಡಿ ತಂದು, ತಮ್ಮೆದುರು ನಿಂತು ಉತ್ತರ ಕೊಡಬಹುದು ಎಂದು ಮುಖ್ಯ ಇಂಜಿನಿಯರ್ ಮೇಡಂ ಹೇಳಿದ್ದರು.

"ನಾನೂ ಹೆಸರು ಕೊಟ್ಟೆ ಕಣ್ರೀ," ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಟೈಲರ್. ಮೆಷಿನ್ನಿನ ಚಕ್ರಕ್ಕೆ ಕೈ ಹಿಡಿದು ನಿಲ್ಲಿಸಿದ. "ಯಾವುದಕ್ಕೆ?"

"ಡಿಸೈನಿಗೆ."

"ಅದಕ್ಕೆ ಆಸ್ಪತ್ರೆಗೆ ಯಾಕೆ ಹೋಗ್ಬೇಕು? ನನ್ನ ಕೇಳು. ಕಾಲರ್ರೋ, ಕಫ್ಫೋ?"

ಕಲಿಸಲು ಸಿಕ್ಕವನು ಆ ಕಚೇರಿಯ ಒಬ್ಬ ಇಂಜಿನಿಯರ್, ಚಿಕ್ಕಮ್ಮನ ಅರ್ಧ ವಯಸ್ಸಿನವನು. ಅವನು ಇವಳನ್ನು ಅಕ್ಕಾ ಎನ್ನುವುದು, ಇವಳು ಅವನನ್ನು ಮೇಷ್ಟ್ರೇ ಎನ್ನುವುದು.

ಮೊದಲ ದಿನವೇ ಎಡವಟ್ಟಾಯಿತು. ಕೇಬಲ್ ಎಳೆಯುವವರಿಗೆ ಒಂದು ನಿಯಮವಿದೆ: ಕೇಬಲ್ಲಿನ ತುದಿ ನೇತಾಡಬಾರದು. ಕಲಿಕೆಯ ಕೋಣೆಯಲ್ಲಿ ಎರಡು ಸ್ವಿಚ್‌ಗಳಿದ್ದವು. ಸ್ವಿಚ್ ಎಂದರೆ ಹತ್ತಾರು ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ ಚಪ್ಪಟೆ ಪೆಟ್ಟಿಗೆ. ಅವೆರಡರ ನಡುವೆ ಆಗಲೇ ಒಂದು ಕೇಬಲ್ ಇತ್ತು, ಇನ್ನೊಂದರ ತುದಿ ನೇತಾಡುತ್ತಿತ್ತು. ಚಿಕ್ಕಮ್ಮ ಅದನ್ನೂ ಸಿಕ್ಕಿಸಿಬಿಟ್ಟಳು. ಪೆಟ್ಟಿಗೆಗಳ ಮೇಲಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕಿದವು. ಕೋಣೆಯ ಎಲ್ಲ ಕಂಪ್ಯೂಟರ್‌ಗಳೂ ಸ್ತಬ್ಧ.

"ಅಕ್ಕಾ! ಏನ್ ಮಾಡಿದ್ರಿ?"

"ಏನಿಲ್ಲ ಮೇಷ್ಟ್ರೇ, ಒಂದು ತುದಿ ಪಾಪ ಅನಾಥವಾಗಿತ್ತು. ಮನೆ ಸೇರಿಸಿದೆ."

ಅವನು ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದ. ಆಮೇಲೆ ವಿವರಿಸಿದ. ದಾರಿ ಬಳೆಯಂತೆ ಮುಚ್ಚಿಕೊಂಡರೆ ಒಂದೇ ಸಂದೇಶ ಸುತ್ತುತ್ತಲೇ ಇರುತ್ತದೆ, ಸುತ್ತಿದಷ್ಟೂ ಹೆಚ್ಚುತ್ತದೆ. ಹಾಗೆಂದು ಒಂದೇ ದಾರಿ ಇಟ್ಟರೆ, ಅದು ಕಡಿದ ದಿನ ಆಸ್ಪತ್ರೆಯೇ ಮೂಕ. ಅದಕ್ಕೇ ಎರಡು ದಾರಿ ಇಟ್ಟು, ಒಂದನ್ನು ಸುಮ್ಮನೆ ಕಾಯುತ್ತಿರಲು ಬಿಡಬೇಕು. ಮೊದಲನೆಯದು ಹೋದರೆ ಅದು ಎದ್ದು ಕೆಲಸ ಮಾಡುತ್ತದೆ.

"ಗೊತ್ತಾಯ್ತು ಬಿಡಿ, ನಮ್ಮನೆ ಥರಾನೇ," ಎಂದಳು ಚಿಕ್ಕಮ್ಮ. "ನಾನು ಓಡಾಡೋದು, ಅವರು ಕಾಯೋದು."

"ಅವರು ಯಾವುದಕ್ಕೆ ಕಾಯ್ತಾರೆ?"

"ಊಟಕ್ಕೆ."

ಪುಸ್ತಕದ ಚಿತ್ರಗಳು ಅವಳ ತಲೆಗೆ ಹತ್ತಲಿಲ್ಲ. ಅದಕ್ಕೆ ಒಂದು ಹಳೆಯ ಬೆಡ್‌ಶೀಟ್ ಹಾಸಿ, ಟೈಲರ್ ಚಾಕಿನಲ್ಲಿ ಆಸ್ಪತ್ರೆ ಬರೆದಳು. ಎಲ್ಲ ಬಂದು ಕೂಡುವ ಎರಡು ದೊಡ್ಡ ಯಂತ್ರಗಳಿಗೆ ಕೋಟಿನ ಗುಂಡಿ; ಒಂದು ಕೆಟ್ಟರೂ ಇನ್ನೊಂದು ನಡೆಯುತ್ತಿರಬೇಕು. ಕಟ್ಟಡಕ್ಕೆ ಎರಡೆರಡು ಪ್ಯಾಂಟಿನ ಗುಂಡಿ. ಪ್ರತಿ ಮಹಡಿಗೂ ಅಂಗಿಯ ಗುಂಡಿ. ವಾರ್ಡಿನ ಯಂತ್ರಗಳಿಗೆ ಕೆಂಪು ದಾರ, ಕಚೇರಿಗೆ ನೀಲಿ, ರೋಗಿಗಳನ್ನು ನೋಡಲು ಬಂದವರ ಮೊಬೈಲಿಗೆ ಹಳದಿ. ಹಳದಿ ಎಲ್ಲಿಯೂ ಕೆಂಪನ್ನು ಸೇರಕೂಡದು.

"ಕೋಟಿನ ಗುಂಡಿ ಎರಡೂ ಹೊಡ್ಕೊಂಡ್ಯಲ್ಲೇ! ಗಿರಾಕಿ ಬಂದ್ರೆ ಏನ್ ಹೇಳ್ಲಿ?"

"ಆಸ್ಪತ್ರೇಲಿದೆ ಅನ್ನಿ."

ಹೀಗೆ ಗೊಣಗುವ ಚಿಕ್ಕಪ್ಪನೇ ಒಂದು ದಿನ ಅವಳ ಗಂಟು ಬಿಡಿಸಿದ. ಪ್ರತಿ ಕಂಪ್ಯೂಟರಿಗೂ ಮನೆ ನಂಬರಿನಂತೆ ಒಂದು ನಂಬರ್ ಬೇಕು. ಮಹಡಿಗೆ ಎಷ್ಟು ನಂಬರ್ ಮೀಸಲಿಡಬೇಕು ಎಂದು ಅವಳು ಎರಡು ದಿನದಿಂದ ಒದ್ದಾಡುತ್ತಿದ್ದಳು.

"ಮಕ್ಕಳ ಬಟ್ಟೆ ಹೊಲಿವಾಗ ಒಳಗೆ ಎರಡು ಬೆರಳಷ್ಟು ಬಟ್ಟೆ ಮಡಚಿ ಬಿಡ್ತೀನಿ. ಬೆಳೀತಾವಲ್ಲ," ಎಂದ ಅವನು, ತಲೆಯೆತ್ತದೆ.

ಚಿಕ್ಕಮ್ಮ ಪ್ರತಿ ಮಹಡಿಗೂ ಅರ್ಧದಷ್ಟು ನಂಬರ್ ಖಾಲಿ ಬಿಟ್ಟಳು. ಮೇಷ್ಟ್ರು ನೋಡಿ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ.

ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ನಕ್ಷೆ ಪಕ್ಕಾ ಆಗಿದೆ ಎಂದು ಮೇಷ್ಟ್ರೂ ಹೇಳಿಯಾಗಿತ್ತು. ಮಧ್ಯಾಹ್ನ ಊಟ ಮಾಡುತ್ತಿದ್ದ ಚಿಕ್ಕಮ್ಮನ ಕೈ ತಟ್ಟೆಯಲ್ಲೇ ನಿಂತಿತು.

ಹಳೇ ಕಟ್ಟಡದಿಂದ ಹೊಸದರ ಜಾಗಕ್ಕೆ ನೆಲದಡಿ ವರ್ಷಗಳ ಹಿಂದೆಯೇ ಹಾಕಿಟ್ಟ ಎರಡು ಕೊಳವೆಗಳಿವೆ ಎಂದು ಕಟ್ಟಡದ ನಕ್ಷೆ ತೋರಿಸುತ್ತಿತ್ತು, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಅವಳ ಎರಡು ದಾರಿಗಳು ಅವೇ. "ಕೊಳವೆಗೆ ಕೇಬಲ್ ಎಳೆಯೋ ಮೊದಲು ಉಕ್ಕಿನ ತಂತಿ ತೂರಿಸ್ತೀವಿ," ಎಂದಳು. "ದಕ್ಷಿಣದ್ದಕ್ಕೆ ನಾನು ಒಂದು ಸಲವೂ ತೂರಿಸಿಲ್ಲ."

"ಮತ್ತೆ ಅದನ್ನ ಯಾಕೆ ಹಾಕಿದೆ?" ಎಂದ ಚಿಕ್ಕಪ್ಪ.

"ನಕ್ಷೇಲಿತ್ತು. ನಕ್ಷೆ ನನಗಿಂತ ಜಾಸ್ತಿ ಓದಿದೆ ಅಂದ್ಕೊಂಡೆ."

ಮಾರನೆಯ ದಿನ ಮೇಷ್ಟ್ರ ಜೊತೆ ಹೋಗಿ ಮುಚ್ಚಳ ತೆಗೆಸಿ ತಂತಿ ತೂರಿಸಿದಳು. ಹನ್ನೊಂದು ಮೀಟರಿಗೆ ಟಕ್ ಎಂದು ನಿಂತಿತು. ಆಚೆ ಗೋಡೆ. ಕೊಳವೆಯನ್ನು ಪೂರ್ತಿ ಮಾಡಿಯೇ ಇರಲಿಲ್ಲ.

ಮೇಷ್ಟ್ರು ಬೆರಳಲ್ಲಿ ದಿನ ಎಣಿಸಿದರು. "ಮೂರು ದಿನದಲ್ಲಿ ಇನ್ನೊಂದು ದಾರಿ ಎಲ್ಲಿಂದ ತರ್ತೀರಿ ಅಕ್ಕಾ?"

"ಬಟ್ಟೆ ಒಗೆಯೋ ವಿಭಾಗದ ಗಾಡಿಗಳು ಹೋಗೋ ಮೇಲ್ಸೇತುವೆ ಇದ್ಯಲ್ಲ, ಹೊಸ ಕಟ್ಟಡಕ್ಕೆ ತಾಗಿಕೊಂಡೇ ಹೋಗುತ್ತೆ. ಅದರ ಸೀಲಿಂಗ್ ಮೇಲೆ ಎರಡು ಗೇಣು ಜಾಗ ಇದೆ. ನಾನು ಅಲ್ಲಿ ಮಲಗಿದ್ದೀನಿ."

"ಡ್ಯೂಟಿ ಟೈಮಲ್ಲಾ?"

"ತೆವಳ್ತಾ ಮೇಷ್ಟ್ರೇ! ನಿದ್ದೆ ಅಲ್ಲ."

ಪರೀಕ್ಷೆಯ ದಿನ ನಡೆದದ್ದನ್ನು ಚಿಕ್ಕಮ್ಮನನ್ನೂ ಮೇಷ್ಟ್ರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರೂ ಒಂದೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಮೂವರು ಅಭ್ಯರ್ಥಿಗಳು. ಮೇಡಂ ಕೇಳುತ್ತಿದ್ದ ಪ್ರಶ್ನೆ ಒಂದೇ: ಉತ್ತರದ ಕೊಳವೆಯನ್ನು ಯಾರಾದರೂ ಅಗೆದು ಕಡಿದರೆ? ಮೊದಲಿಬ್ಬರೂ ದಕ್ಷಿಣದ್ದಿದೆ ಎಂದರು. ಚಿಕ್ಕಮ್ಮನ ಸರದಿ ಬಂದಾಗ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಅವಳ ನಕ್ಷೆ ಮೂಡಿತು. ಮೂರು ಸಲ "ಅಂದ್ರೆ ಮೇಡಂ" ಎಂದಳು. ಸ್ಟೋರ್ ರೂಮಿನ ಕುರ್ಚಿ ಕಣ್ಣಮುಂದೆ ಬಂತಂತೆ. ಆಮೇಲೆ ಚೀಲದಿಂದ ಬೆಡ್‌ಶೀಟ್ ತೆಗೆದು ಮೇಜಿನ ಮೇಲೆ ಹಾಸಿ, ಚಿಕ್ಕಪ್ಪನ ಕತ್ತರಿ ಮುಂದಿಟ್ಟಳು.

"ಇದೇನ್ರೀ, ಗುಂಡಿಗಳಾ?"

"ನಮ್ಮನೆಯವರು ಟೈಲರ್, ಮೇಡಂ. ಎಲ್ಲಿ ಬೇಕಾದ್ರೂ ಒಂದು ಕಡೆ ಕತ್ತರಿಸಿ."

ಮೇಡಂ ಉತ್ತರದ ದಾರವನ್ನೇ ಕತ್ತರಿಸಿದರು. ಚಿಕ್ಕಮ್ಮನ ಬೆರಳು ಸೇತುವೆಯ ದಾರ ಹಿಡಿದು ಎಲ್ಲ ಗುಂಡಿಗಳನ್ನೂ ಮುಟ್ಟಿ ಬಂತು. ಬೆರಳು ಓಡಿದ ಹಾಗೆ ಮಾತೂ ಓಡಿತು.

"ಇಬ್ಬರೂ ದಕ್ಷಿಣ ಅಂದ್ರು. ನೀವ್ಯಾಕೆ ಸೇತುವೆ ಹತ್ತಿದ್ರಿ?"

"ದಕ್ಷಿಣದ್ದು ಹನ್ನೊಂದು ಮೀಟರಿಗೆ ಮುಗಿಯುತ್ತೆ ಮೇಡಂ. ಆಮೇಲೆ ಗೋಡೆ."

"ಯಾರು ಹೇಳಿದ್ದು?"

ಚಿಕ್ಕಮ್ಮ ತಂತಿಯ ಸುರುಳಿಯನ್ನು ಮೇಜಿನ ಮೇಲಿಟ್ಟಳು. ನಿಂತ ಜಾಗಕ್ಕೆ ಕೆಂಪು ಟೇಪು ಸುತ್ತಿತ್ತು. "ಇದು."

ಮೇಡಂ ತಂತಿ ಎತ್ತಿಕೊಂಡು ತಾವೇ ಹೊರಟರು. ಅರ್ಧ ಗಂಟೆಯ ಮೇಲೆ ಕೈತುಂಬ ಧೂಳು ಮಾಡಿಕೊಂಡು ಬಂದರು. "ಸೋಮವಾರದಿಂದ ನಮ್ಮ ಕಚೇರಿಗೆ ಬನ್ನಿ. ಆ ಬೆಡ್‌ಶೀಟ್ ಮಾತ್ರ ಇಲ್ಲೇ ಇರಲಿ."

ಅವಳು ಮನೆಗೆ ಬಂದು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೂಗಿ ಹೇಳಿದಳು. ಚಿಕ್ಕಪ್ಪ ಕಣ್ಣೊರೆಸಿಕೊಂಡ. ಆಮೇಲೆ ಅದು ಕಾಣಬಾರದೆಂದು ಜೋರಾಗಿ ಕೇಳಿದ, "ಬೆಡ್‌ಶೀಟ್ ಹೋಯ್ತು. ನನ್ನ ಕೋಟಿನ ಗುಂಡಿ?"

"ಅವಕ್ಕೂ ಕೆಲಸ ಸಿಕ್ತು ಕಣ್ರೀ. ಎರಡಕ್ಕೂ ಒಟ್ಟಿಗೇ ರಜೆ ಕೊಡಲ್ವಂತೆ."